ಮೊಡವೆಗೆ ಸಾರತೈಲ: ಯಾವುದು, ಎಷ್ಟು ಹನಿ, ಎಲ್ಲಿಯವರೆಗೆ

ಮೊಡವೆಯಾದ ಮುಖಕ್ಕೆ ಎಣ್ಣೆ ಹಚ್ಚುವುದೇ? ಜಿಡ್ಡು ಹೆಚ್ಚಾಗಿಯೇ ಮೊಡವೆ ಬಂತೆಂದು ದಿನಕ್ಕೆ ನಾಲ್ಕು ಸಲ ಸೋಪು ಹಾಕಿ ತೊಳೆಯುವವರಿಗೆ ಈ ಸಲಹೆ ವಿಚಿತ್ರವಾಗಿ ಕೇಳಿಸುತ್ತದೆ. ಇನ್ನು ಕೆಲವರು ಯಾವ ಅನುಮಾನವೂ ಇಲ್ಲದೆ 10 ಮಿಲಿಲೀಟರಿನ ಕಂದು ಸೀಸೆ ತಂದು, ಮುಚ್ಚಳ ತೆಗೆದು, ಹಾಗೇ ಕೆನ್ನೆಗೆ ಬಳಿದು, ಮರುದಿನ ಮುಖ ಕೆಂಪಗಾಗಿ ಉರಿಯುವಾಗ ಎಣ್ಣೆಯನ್ನು ಬೈಯುತ್ತಾರೆ. ಇಬ್ಬರಿಗೂ ಬೇಕಾದ ತಿಳಿವಳಿಕೆ ಒಂದೇ. ಆ ಸೀಸೆಯೊಳಗಿನ ದ್ರವ ಮೊಡವೆಯ ಯಾವ ಹಂತದಲ್ಲಿ ಕೆಲಸ ಮಾಡುತ್ತದೆ, ಯಾವ ಹಂತವನ್ನು ಮುಟ್ಟುವುದೇ ಇಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಅದು ಗೊತ್ತಾದರೆ ಎಷ್ಟು ಹಚ್ಚಬೇಕು, ಎಷ್ಟು ದಿನ ಕಾಯಬೇಕು, ಯಾವಾಗ ಕೈಬಿಡಬೇಕು ಎಂಬುದು ತಾನಾಗಿ ತಿಳಿಯುತ್ತದೆ. ಆದ್ದರಿಂದ ಎಣ್ಣೆಗೆ ಹೋಗುವ ಮೊದಲು ಮೊಡವೆಯ ಮಾತು.

ಮೊಡವೆ ಹುಟ್ಟುವ ಬಗೆ

ಮುಖದ ಚರ್ಮದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲುಗಳಿವೆ. ಪ್ರತಿ ಕೂದಲಿನ ಬುಡಕ್ಕೆ ಅಂಟಿಕೊಂಡು ಜಿಡ್ಡು ಸ್ರವಿಸುವ ಒಂದು ಪುಟ್ಟ ಗ್ರಂಥಿ ಇರುತ್ತದೆ. ಚರ್ಮ ಒಣಗಿ ಬಿರಿಯದಂತೆ ನೋಡಿಕೊಳ್ಳುವುದು ಆ ಜಿಡ್ಡಿನ ಕೆಲಸ. ಹರೆಯ ಬಂದಾಗ ಆಂಡ್ರೊಜೆನ್ ಎಂಬ ಹಾರ್ಮೋನುಗಳು ಏರುತ್ತವೆ. ಹುಡುಗರಲ್ಲೂ ಹುಡುಗಿಯರಲ್ಲೂ ಇವು ಇರುತ್ತವೆ. ಇವುಗಳ ಒತ್ತಾಯಕ್ಕೆ ಗ್ರಂಥಿ ಹೆಚ್ಚು ಜಿಡ್ಡು ಸುರಿಸುತ್ತದೆ. ಇದು ಮೊದಲನೆಯ ಕಾರಣ.

ಎರಡನೆಯದು, ಕೂದಲಿನ ರಂಧ್ರದ ಒಳಗೋಡೆಯಿಂದ ಉದುರುವ ಸತ್ತ ಕೋಶಗಳು ಹೊರಗೆ ಬರದೆ ಜಿಡ್ಡಿನೊಂದಿಗೆ ಸೇರಿ ಬಿರಡೆಯಂತೆ ಕೂರುತ್ತವೆ. ಬಾಯಿ ಮುಚ್ಚಿದ್ದರೆ ಬಿಳಿಯ ಸಣ್ಣ ಗಂಟು, ತೆರೆದಿದ್ದರೆ ಕಪ್ಪು ಚುಕ್ಕೆ. ಈ ಕಪ್ಪು ಕೊಳೆಯಲ್ಲ. ಚರ್ಮದ ಬಣ್ಣದ ಕಣಗಳು ಮತ್ತು ಗಾಳಿಗೆ ತೆರೆದುಕೊಂಡ ಜಿಡ್ಡು ಅದಕ್ಕೆ ಆ ಬಣ್ಣ ಕೊಡುತ್ತವೆ. ಅದಕ್ಕೇ ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ.

ಮೂರನೆಯದು ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ. ಹಳೆಯ ಪುಸ್ತಕಗಳಲ್ಲಿ ಇದರ ಹೆಸರು ಪ್ರೊಪಿಯೊನಿಬ್ಯಾಕ್ಟೀರಿಯಂ ಆಕ್ನೆಸ್ ಎಂದಿದೆ. ಇದು ಎಲ್ಲರ ಚರ್ಮದಲ್ಲೂ ಇರುವ ಜೀವಿ. ಗಾಳಿಯಾಡದ, ಜಿಡ್ಡು ತುಂಬಿದ ಜಾಗ ಸಿಕ್ಕರೆ ಚೆನ್ನಾಗಿ ಬೆಳೆಯುತ್ತದೆ. ನಾಲ್ಕನೆಯದು ದೇಹದ ಪ್ರತಿಕ್ರಿಯೆ: ಆ ಜಾಗ ಕೆಂಪಾಗಿ, ಊದಿ, ನೋಯುತ್ತದೆ, ಕೆಲವೊಮ್ಮೆ ಕೀವು ಕಟ್ಟುತ್ತದೆ.

ಜಿಡ್ಡು, ಬಿರಡೆ, ಬ್ಯಾಕ್ಟೀರಿಯಾ, ಉರಿಯೂತ: ಈ ನಾಲ್ಕನ್ನು ಬೆರಳ ಮೇಲೆ ಎಣಿಸಿಟ್ಟುಕೊಳ್ಳಿ. ಮುಂದಿನ ಪಾಠವೆಲ್ಲ ಇದರ ಮೇಲೆ ನಿಂತಿದೆ. ಮನೆಯಲ್ಲಿ ಹಿರಿಯರು ‘ಉಷ್ಣಕ್ಕೆ ಗುಳ್ಳೆ ಎದ್ದಿದೆ’ ಎನ್ನುತ್ತಾರಲ್ಲ, ಅವರ ಕಣ್ಣಿಗೆ ಬಿದ್ದದ್ದು ನಾಲ್ಕನೆಯ ಹಂತ. ಮೊದಲಿನ ಮೂರು ಅದಕ್ಕೂ ಎಷ್ಟೋ ದಿನ ಮುಂಚೆ ಚರ್ಮದೊಳಗೆ ನಡೆದುಹೋಗಿರುತ್ತವೆ.

ಸಾರತೈಲ ಬೇರೆ, ಅಡುಗೆಮನೆಯ ಎಣ್ಣೆ ಬೇರೆ

ಕೊಬ್ಬರಿ, ಎಳ್ಳು, ಹರಳು, ಬೇವಿನ ಬೀಜ ಇವನ್ನೆಲ್ಲ ಗಾಣಕ್ಕೆ ಹಾಕಿ ಹಿಂಡಿದರೆ ಬರುವುದು ಕೊಬ್ಬಿನ ಎಣ್ಣೆ. ಕಾಗದದ ಮೇಲೆ ಒಂದು ತೊಟ್ಟು ಬಿದ್ದರೆ ಆ ಕಲೆ ಹೋಗುವುದಿಲ್ಲ. ಸಾರತೈಲ ಗಿಡದ ಎಲೆ, ಹೂವು, ತೊಗಟೆ ಅಥವಾ ಮರದ ಚೇಗಿನಲ್ಲಿರುವ, ಗಾಳಿಗೆ ಹಾರಿಹೋಗುವ ವಾಸನೆಯ ಅಂಶ. ಕಾಗದದ ಮೇಲೆ ಹಾಕಿದರೆ ಬಹುಪಾಲು ಆರಿಹೋಗುತ್ತದೆ. ಅಂಗಡಿಗಳಲ್ಲಿ ಎಸೆನ್ಷಿಯಲ್ ಆಯಿಲ್ ಎಂದು ಮಾರುವುದು ಇದನ್ನೇ. ನಿಂಬೆ, ಕಿತ್ತಳೆಗಳ ಸಿಪ್ಪೆ ಹಿಂಡಿಯೂ ಸಾರತೈಲ ತೆಗೆಯುತ್ತಾರೆ. ಮಿಕ್ಕ ಹೆಚ್ಚಿನವುಗಳಿಗೆ ಹಬೆಯ ದಾರಿ. ಎಲೆಯನ್ನು ದೊಡ್ಡ ಪಾತ್ರೆಯಲ್ಲಿ ತುಂಬಿ, ಕೆಳಗಿನಿಂದ ಹಬೆ ಹಾಯಿಸಿ, ಆ ಹಬೆಯನ್ನು ತಣಿಸಿದರೆ ನೀರಿನಿಂದ ಎಣ್ಣೆ ಬೇರೆಯಾಗಿ ನಿಲ್ಲುತ್ತದೆ.

ಈ ಬಟ್ಟಿ ಇಳಿಸುವ ಕೆಲಸ ನಮಗೆ ಹೊಸದಲ್ಲ. ಮೈಸೂರು ಸಂಸ್ಥಾನದ ಶ್ರೀಗಂಧದ ಕೊರಡುಗಳು ಒಂದು ಕಾಲಕ್ಕೆ ಹಡಗು ಹತ್ತಿ ಯುರೋಪಿಗೆ ಹೋಗಿ, ಅಲ್ಲಿ ಎಣ್ಣೆಯಾಗುತ್ತಿದ್ದವು. ಮೊದಲ ಮಹಾಯುದ್ಧ ಬಂದು ಆ ವ್ಯಾಪಾರ ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಮೈಸೂರಿನಲ್ಲೇ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು. ಉದಕಮಂಡಲದ ಕಡೆಯಿಂದ ಬರುವ ನೀಲಗಿರಿ ಎಣ್ಣೆಯೂ ಇದೇ ಜಾತಿಯದು. ನೆಗಡಿಯಾದಾಗ ಬಿಸಿನೀರಿಗೆ ಎರಡೇ ತೊಟ್ಟು ಹಾಕಿದರೂ ಕೋಣೆಯೆಲ್ಲ ಘಾಟು ತುಂಬುತ್ತದಲ್ಲ, ಅಷ್ಟು ಸಾಂದ್ರ.

ಸಾಂದ್ರತೆಯ ಅಂದಾಜು ಬೇಕೆಂದರೆ ಈ ಲೆಕ್ಕ ನೋಡಿ. ಮುಂದೆ ಹೇಳಲಿರುವ ಟೀ ಟ್ರೀ ಎಂಬ ಗಿಡದ ಸುಮಾರು 100 ಕಿಲೋ ಎಲೆಯಿಂದ ಒಂದೆರಡು ಕಿಲೋ ಎಣ್ಣೆ ಸಿಗುತ್ತದೆ. ಅಂದರೆ ಒಂದು ತೊಟ್ಟಿನಲ್ಲಿರುವುದು ಅದರ ಐವತ್ತರಿಂದ ನೂರು ಪಟ್ಟು ತೂಕದ ಎಲೆಯ ಸಾರ. ಸಾರಿಗೆ ಇಂಗು ಹಾಕುವ ಕೈಗಿರುವ ಅಳತೆ ಇಲ್ಲಿಯೂ ಇರಬೇಕು: ಚಿಟಿಕೆಯಾದರೆ ಘಮ, ಚಮಚವಾದರೆ ಪಾತ್ರೆಯನ್ನೇ ಚೆಲ್ಲಬೇಕು. ಗಿಡದಿಂದ ಬಂದದ್ದು ಏನೂ ಮಾಡುವುದಿಲ್ಲ ಎಂಬ ನಂಬಿಕೆಯನ್ನು ಮಾತ್ರ ಸೀಸೆ ತೆರೆಯುವ ಮೊದಲೇ ಬಿಟ್ಟುಬಿಡಿ.

ಟೀ ಟ್ರೀ ಎಣ್ಣೆಗೆ ಏಕೆ ಮೊದಲ ಸ್ಥಾನ

ಮೊಡವೆಗೆಂದು ಹತ್ತಾರು ಸಾರತೈಲಗಳ ಹೆಸರು ಹೇಳುತ್ತಾರೆ. ಅವುಗಳಲ್ಲಿ ಮನುಷ್ಯರ ಮುಖದ ಮೇಲೆ, ಹೋಲಿಕೆಯ ಗುಂಪು ಇಟ್ಟುಕೊಂಡು ಪರೀಕ್ಷೆಯಾದವು ಬಹಳ ಕಡಿಮೆ. ಆ ಸಾಲಿನಲ್ಲಿ ಮುಂದೆ ನಿಲ್ಲುವುದು ಟೀ ಟ್ರೀ. ನಾವು ಕುಡಿಯುವ ಚಹಾ ಗಿಡಕ್ಕೂ ಇದಕ್ಕೂ ನಂಟಿಲ್ಲ. ಇದು ಮೆಲಲೂಕ ಆಲ್ಟರ್ನಿಫೋಲಿಯ ಎಂಬ, ನೀಲಗಿರಿ ಮರದ ಕುಟುಂಬಕ್ಕೇ ಸೇರಿದ ಆಸ್ಟ್ರೇಲಿಯಾದ ಗಿಡ. ನ್ಯೂ ಸೌತ್ ವೇಲ್ಸ್‌ನ ಉತ್ತರದ ತಗ್ಗು ಜೌಗಿನಲ್ಲಿ ಬೆಳೆಯುತ್ತದೆ. ಅಲ್ಲಿಯ ಬುಂಜಲಂಗ್ ಮೂಲನಿವಾಸಿಗಳು ಎಲೆಯನ್ನು ಜಜ್ಜಿ ಗಾಯಕ್ಕೆ ಹಚ್ಚುತ್ತಿದ್ದರು. 1920ರ ದಶಕದಲ್ಲಿ ಸಿಡ್ನಿಯ ರಸಾಯನಶಾಸ್ತ್ರಜ್ಞ ಆರ್ಥರ್ ಪೆನ್‌ಫೋಲ್ಡ್ ಈ ಎಣ್ಣೆಯನ್ನು ಪರೀಕ್ಷಿಸಿ, ಆಗ ಕ್ರಿಮಿನಾಶಕವಾಗಿ ಬಳಕೆಯಲ್ಲಿದ್ದ ಕಾರ್ಬಾಲಿಕ್ ಆಮ್ಲಕ್ಕಿಂತ ಇದು ಪ್ರಬಲವೆಂದು ವರದಿ ಮಾಡಿದರು.

ಮೊಡವೆಯ ಮೇಲಿನ ಹೆಸರಾಂತ ಪರೀಕ್ಷೆ 1990ರಲ್ಲಿ ಆಸ್ಟ್ರೇಲಿಯಾದಲ್ಲೇ ಪ್ರಕಟವಾಯಿತು. ಸೌಮ್ಯದಿಂದ ಮಧ್ಯಮ ಮಟ್ಟದ ಮೊಡವೆಯಿದ್ದ 124 ಜನರಲ್ಲಿ ಕೆಲವರಿಗೆ ಶೇ 5ರ ಟೀ ಟ್ರೀ ಜೆಲ್, ಉಳಿದವರಿಗೆ ಶೇ 5ರ ಬೆನ್ಜಾಯ್ಲ್ ಪೆರಾಕ್ಸೈಡ್ ಕೊಟ್ಟರು. ಎರಡನೆಯದು ಚರ್ಮವೈದ್ಯರು ಇಂದಿಗೂ ಬರೆಯುವ ಔಷಧ. ಎರಡೂ ಗುಂಪುಗಳಲ್ಲಿ ಮೊಡವೆ ಕಡಿಮೆಯಾಯಿತು. ಟೀ ಟ್ರೀ ನಿಧಾನವಾಗಿ ಕೆಲಸ ಮಾಡಿತು, ಆದರೆ ಉರಿ, ತುರಿಕೆ, ಒಣಗುವಿಕೆಯಂಥ ತೊಂದರೆ ಹೇಳಿಕೊಂಡವರು ಆ ಗುಂಪಿನಲ್ಲಿ ಶೇ 44 ಇದ್ದರೆ ಇನ್ನೊಂದರಲ್ಲಿ ಶೇ 79. 2007ರಲ್ಲಿ ಇರಾನಿನ ವೈದ್ಯರು 60 ರೋಗಿಗಳ ಮೇಲೆ 45 ದಿನ ನಡೆಸಿದ ಪರೀಕ್ಷೆ ಭಾರತೀಯ ಚರ್ಮವೈದ್ಯರ ಪತ್ರಿಕೆಯೊಂದರಲ್ಲಿ ಬಂತು. ಔಷಧವಿಲ್ಲದ ಬರಿಯ ಜೆಲ್‌ಗಿಂತ ಶೇ 5ರ ಟೀ ಟ್ರೀ ಜೆಲ್ ಸ್ಪಷ್ಟವಾಗಿ ಮೇಲಾಗಿತ್ತು.

ಇಷ್ಟು ಕೇಳಿ ಹಿಗ್ಗಬೇಡಿ. ಇವು ಸಣ್ಣ ಪರೀಕ್ಷೆಗಳು. ಇಂಥವನ್ನೆಲ್ಲ ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2015ರ ವಿಮರ್ಶೆ, ಟೀ ಟ್ರೀಯಿಂದ ಉಪಯೋಗ ಇರಬಹುದು, ಆದರೆ ಪುರಾವೆಯ ಗುಣಮಟ್ಟ ಕಡಿಮೆ ಎಂದಿತು. ಆದ್ದರಿಂದ ಇದನ್ನು ಚಿಕಿತ್ಸೆಗೆ ಒಂದು ಸಹಾಯ ಎಂದು ನೋಡುವುದು ಸರಿ.

ಈಗ ಬೆರಳ ಲೆಕ್ಕಕ್ಕೆ ಮರಳೋಣ. ಈ ಎಣ್ಣೆಯ ಮುಖ್ಯ ಅಂಶ ಟರ್ಪಿನೆನ್-4-ಆಲ್. ಅದು ಬ್ಯಾಕ್ಟೀರಿಯಾದ ಹೊರಪೊರೆಯನ್ನು ಹಾಳುಮಾಡುತ್ತದೆ, ಊತವನ್ನೂ ಸ್ವಲ್ಪ ತಗ್ಗಿಸುತ್ತದೆ. ಅಂದರೆ ನಾಲ್ಕರಲ್ಲಿ ಮೂರನೆಯದು ಮತ್ತು ನಾಲ್ಕನೆಯದು. ಹಾರ್ಮೋನು ಏರಿ ಸುರಿಯುವ ಜಿಡ್ಡನ್ನು ನಿಲ್ಲಿಸುವ ಔಷಧ ಇದಲ್ಲ. ರಂಧ್ರದಲ್ಲಿ ಗಟ್ಟಿಯಾಗಿ ಕೂತ ಬಿರಡೆಯನ್ನು ಸಡಿಲಿಸಲು ಸ್ಯಾಲಿಸಿಲಿಕ್ ಆಮ್ಲ, ಅಡಾಪಲೀನ್‌ನಂಥ ಬೇರೆ ಔಷಧಗಳಿವೆ. ಹೀಗಾಗಿ ಅಲ್ಲೊಂದು ಇಲ್ಲೊಂದು ಏಳುವ ಕೆಂಪು ಗುಳ್ಳೆ, ತುದಿಯಲ್ಲಿ ಚೂರು ಕೀವಿರುವ ಮೊಡವೆ, ಇವುಗಳಿಗೆ ಟೀ ಟ್ರೀ ಒಪ್ಪುತ್ತದೆ. ಚರ್ಮದಡಿಯ ಗಂಟು, ಹಳೆಯ ಗುಳಿ, ಕಪ್ಪು ಕಲೆ ಇವಕ್ಕೆ ಅದನ್ನು ಹಚ್ಚುತ್ತಾ ಕೂತರೆ ಕಾಲ ವ್ಯರ್ಥ.

ಉಳಿದ ಸೀಸೆಗಳ ಕಥೆ

ಶ್ರೀಗಂಧದೆಣ್ಣೆ ನಮ್ಮ ಹೆಮ್ಮೆ. ಅದರ ಮುಖ್ಯ ಅಂಶವಾದ ಸ್ಯಾಂಟಲಾಲ್‌ಗೆ ಊತ ತಗ್ಗಿಸುವ ಗುಣವಿದೆಯೆಂದು ಪ್ರಯೋಗಾಲಯದಲ್ಲಿ ಕಂಡಿದೆ. ಮೊಡವೆಯ ಮೇಲೆ ನೋಡಿದಾಗ ಅದರ ಜೊತೆಗೆ ಸ್ಯಾಲಿಸಿಲಿಕ್ ಆಮ್ಲವನ್ನೂ ಬಳಸಿದ್ದರು. ಹಾಗಾಗಿ ಗುಣ ಯಾವುದರದೆಂದು ಬಿಡಿಸಿ ಹೇಳಲಾಗದು. ಮೇಲಾಗಿ ಇನ್ನೂರು ರೂಪಾಯಿಗೆ 10 ಮಿಲಿಲೀಟರು ಶುದ್ಧ ಗಂಧದೆಣ್ಣೆ ಎಲ್ಲಿಯೂ ಸಿಗುವುದಿಲ್ಲ. ಆ ಬೆಲೆಯ ಸೀಸೆಯಲ್ಲಿರುವುದು ಬೇರೇನೋ.

ಲ್ಯಾವೆಂಡರ್ ವಾಸನೆಗೆ ಹಿತ, ಮೊಡವೆಗೆ ಅದರ ಪುರಾವೆ ತೆಳು. ಮಜ್ಜಿಗೆ ಹುಲ್ಲಿನ ಎಣ್ಣೆಯಲ್ಲಿ ಸಿಟ್ರಾಲ್ ಎಂಬ ಅಂಶ ಹೆಚ್ಚು. ಕೆಲವರ ಚರ್ಮಕ್ಕೆ ಅದು ಒಗ್ಗುವುದಿಲ್ಲ. ಲವಂಗ ಮತ್ತು ದಾಲ್ಚಿನ್ನಿ ತೊಗಟೆಯ ಎಣ್ಣೆಗಳು ಬ್ಯಾಕ್ಟೀರಿಯಾವನ್ನು ಕೊಲ್ಲುವುದು ನಿಜ, ಆದರೆ ಮುಖದ ಚರ್ಮವನ್ನೂ ಸುಡುತ್ತವೆ. ಹಲ್ಲುನೋವಿಗೆ ಇಟ್ಟುಕೊಂಡ ಲವಂಗದೆಣ್ಣೆಯನ್ನು ಕೆನ್ನೆಗೆ ತರಬೇಡಿ. ಹಿಂಡಿ ತೆಗೆದ ನಿಂಬೆ, ಬರ್ಗಮಾಟ್ ಎಣ್ಣೆಗಳಲ್ಲಿ ಬಿಸಿಲಿಗೆ ಕೆರಳುವ ಅಂಶಗಳಿವೆ. ಹಚ್ಚಿಕೊಂಡು ಹೊರಗೆ ಹೋದರೆ ಚರ್ಮ ಸುಟ್ಟಂತಾಗಿ, ಕಪ್ಪು ಪಟ್ಟೆ ತಿಂಗಳುಗಟ್ಟಲೆ ಉಳಿಯುತ್ತದೆ. ಮುಖಕ್ಕೆ ನಿಂಬೆರಸ ಉಜ್ಜಿಕೊಳ್ಳುವವರಿಗೂ ಇದೇ ಎಚ್ಚರಿಕೆ.

ಬೇವಿನೆಣ್ಣೆ, ಅರಿಸಿನ ಈ ಪಾಠಕ್ಕೆ ಸೇರುವುದಿಲ್ಲ, ಅವು ಸಾರತೈಲಗಳಲ್ಲ. ಕೊಬ್ಬರಿ ಎಣ್ಣೆಯ ಬಗ್ಗೆ ಮಾತ್ರ ಒಂದು ಮಾತು. ತಲೆಗೆ ಅದು ಒಳ್ಳೆಯದೇ, ಆದರೆ ಮೊಡವೆ ಏಳುವ ಮುಖದಲ್ಲಿ ರಂಧ್ರ ಮುಚ್ಚುತ್ತದೆ. ತಲೆಯಿಂದ ಹಣೆಗಿಳಿದ ಎಣ್ಣೆಯಿಂದಲೇ ಕೂದಲ ಅಂಚಿನುದ್ದಕ್ಕೂ ಗುಳ್ಳೆ ಏಳುವುದುಂಟು. ಸಾರತೈಲವನ್ನು ಅದರಲ್ಲಿ ಬೆರೆಸಿದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ.

ಸೀಸೆ ಕೊಳ್ಳುವಾಗ

ಗಿಡದ ಪೂರ್ತಿ ಸಸ್ಯಶಾಸ್ತ್ರೀಯ ಹೆಸರು ಲೇಬಲಿನ ಮೇಲೆ ಇರಲಿ. ಗಾಢ ಬಣ್ಣದ ಗಾಜಿನ ಸೀಸೆಯಾಗಿರಲಿ, ತಯಾರಿಸಿದ ದಿನಾಂಕ ಇರಲಿ. ಟೀ ಟ್ರೀ ಎಣ್ಣೆಗೆ ಐಎಸ್‌ಒ 4730 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದರ 2017ರ ಆವೃತ್ತಿಯ ಪ್ರಕಾರ ಟರ್ಪಿನೆನ್-4-ಆಲ್ ಶೇ 35ರಿಂದ 48ರವರೆಗೆ ಇರಬೇಕು, ಸಿನಿಯೋಲ್ ಎಂಬ ಇನ್ನೊಂದು ಅಂಶ ಶೇ 10 ದಾಟಬಾರದು. ಈ ಅಂಕಿಗಳನ್ನು ತಿಳಿಸುವ ತಯಾರಕರಿದ್ದರೆ ಅವರದನ್ನೇ ಕೊಳ್ಳಿ.

ಹೊಸಬರಿಗೆ ಇದಕ್ಕಿಂತ ಸುಲಭದ ದಾರಿಯೂ ಇದೆ. ಶೇ 5ರ ಅಳತೆಯಲ್ಲಿ ಬೆರೆಸಿ ಸಿದ್ಧಪಡಿಸಿದ ಜೆಲ್ ಅಥವಾ ಕ್ರೀಮು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಪರೀಕ್ಷೆಗಳು ನಡೆದದ್ದೂ ಅಂಥದ್ದರ ಮೇಲೆಯೇ. ‘ಟೀ ಟ್ರೀ ಇದೆ’ ಎಂದು ಬರೆದು ಎಷ್ಟಿದೆ ಎಂದು ಹೇಳದ ಫೇಸ್‌ವಾಶ್‌ನಿಂದ ಇದೇ ಫಲ ನಿರೀಕ್ಷಿಸಬೇಡಿ.

ತೆರೆದ ಸೀಸೆಗೆ ಗಾಳಿ, ಬೆಳಕು, ಶಾಖ ಶತ್ರುಗಳು. ಹಳತಾದ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಬದಲಾಗುತ್ತದೆ. ಅಲರ್ಜಿ ಹೆಚ್ಚಾಗಿ ಬರುವುದು ಇಂಥ ಹಳಸಿದ ಎಣ್ಣೆಯಿಂದ. ತೆರೆದ ದಿನವನ್ನು ಸೀಸೆಯ ಮೇಲೆ ಬರೆದಿಡಿ, ತಂಪಾದ ಜಾಗದಲ್ಲಿಡಿ, ವರ್ಷ ತುಂಬುವ ಮೊದಲೇ ಬಿಸಾಡಿ.

ಹನಿಯ ಲೆಕ್ಕ

ಮನೆಯಲ್ಲೇ ಬೆರೆಸುವುದಾದರೆ ಲೆಕ್ಕ ಕಷ್ಟವಲ್ಲ. ಒಂದು ಮಿಲಿಲೀಟರಿಗೆ ಸುಮಾರು 20 ಹನಿ. ಎರಡು ಟೀ ಚಮಚ ಅಂದರೆ 10 ಮಿಲಿಲೀಟರು. ಅಷ್ಟು ಆಧಾರಕ್ಕೆ 4 ಹನಿ ಸೇರಿಸಿದರೆ ಸುಮಾರು ಶೇ 2, 10 ಹನಿ ಸೇರಿಸಿದರೆ ಸುಮಾರು ಶೇ 5. ಶುರುವಿಗೆ 4 ಹನಿ. ಒಂದು ವಾರ ಚರ್ಮ ಸುಮ್ಮನಿದ್ದರೆ ನಿಧಾನವಾಗಿ 10 ಹನಿಗೆ ಹೋಗಬಹುದು. ಅದರಾಚೆ ಬೇಡ. ಹೆಚ್ಚು ಹಾಕಿದರೆ ಬೇಗ ಗುಣವಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ, ಬೇಗ ಉರಿಯುತ್ತದೆ ಎಂಬುದಕ್ಕೆ ಇದೆ.

ಆಧಾರವಾಗಿ ಏನು? ನೀರು, ಪನ್ನೀರು ಆಗುವುದಿಲ್ಲ. ಎಷ್ಟು ಕುಲುಕಿದರೂ ಎಣ್ಣೆ ಮೇಲೆ ತೇಲಿ, ಹತ್ತಿ ಅದ್ದಿದಾಗ ನೇರ ಎಣ್ಣೆಯೇ ಮುಖಕ್ಕೆ ಬರುತ್ತದೆ. ಲೋಳೆಸರದ ಜೆಲ್‌ನಲ್ಲೂ ಇದೇ ತೊಡಕು, ಅದೂ ಹೆಚ್ಚಾಗಿ ನೀರೇ. ಎಣ್ಣೆ ಸಮನಾಗಿ ಹರಡದೆ ಅಲ್ಲಲ್ಲಿ ಗುಂಪುಗಟ್ಟುತ್ತದೆ. ಜೊಜೋಬಾದಂಥ ಹಗುರ ಎಣ್ಣೆ, ಇಲ್ಲವೇ ರಂಧ್ರ ಮುಚ್ಚುವುದಿಲ್ಲವೆಂದು ಗುರುತಿರುವ, ಸುವಾಸನೆಯಿಲ್ಲದ ಸಾದಾ ಕ್ರೀಮು ಉತ್ತಮ. ಒಮ್ಮೆಗೆ ಒಂದೆರಡು ವಾರಕ್ಕಾಗುವಷ್ಟೇ ಬೆರೆಸಿ.

ಹಚ್ಚುವ ಕ್ರಮ

ಮುಖಕ್ಕೆ ಮೊದಲು ಕೈಯ ಅನುಮತಿ ಬೇಕು. ಮೊಣಕೈಯ ಒಳಮಡಿಕೆಯ ಹತ್ತಿರ ಕಾಸಿನಗಲ ಜಾಗದಲ್ಲಿ ದಿನಕ್ಕೆರಡು ಸಲ, ಒಂದು ವಾರ ಹಚ್ಚಿ. ಒಂದೇ ದಿನ ನೋಡಿ ಬಿಟ್ಟರೆ ಸಾಲದು, ಅಲರ್ಜಿ ತಲೆಯೆತ್ತಲು ದಿನಗಳು ಹಿಡಿಯುತ್ತವೆ. ಕೆಂಪು, ತುರಿಕೆ, ನೀರುಗುಳ್ಳೆ ಕಂಡರೆ ಆ ಎಣ್ಣೆ ನಿಮಗಲ್ಲ. ಇನ್ನಷ್ಟು ತೆಳುವಾಗಿಸಿ ಮತ್ತೆ ಪ್ರಯತ್ನಿಸುವುದೂ ಬೇಡ.

ವಾರ ನಿರಾತಂಕವಾಗಿ ಕಳೆದರೆ ರಾತ್ರಿ ಸೌಮ್ಯವಾದ ಫೇಸ್‌ವಾಶ್‌ನಿಂದ ಮುಖ ತೊಳೆದು, ಉಜ್ಜದೆ ಒತ್ತಿ ಒರೆಸಿ, ಪೂರ್ತಿ ಆರಲು ಬಿಡಿ. ಬಳಿಕ ಮೊಡವೆ ಏಳುವ ಜಾಗಕ್ಕೆ ತೆಳುವಾಗಿ ಹಚ್ಚಿ. ಕಣ್ಣಿನ ಸುತ್ತ, ತುಟಿ, ಮೂಗಿನ ಒಳಗೆ, ಒಡೆದು ಗಾಯವಾದ ಕಡೆ ಬೇಡ. ಮೊದಲ ವಾರ ದಿನಕ್ಕೊಮ್ಮೆ, ಆಮೇಲೆ ಚರ್ಮ ಒಪ್ಪಿದರೆ ಎರಡು ಸಲ. ಮುಖ ಬಿಗಿದಂತಾದರೆ ಹಗುರ ಮಾಯಿಶ್ಚರೈಸರ್ ಹಚ್ಚಿ. ಬೆಳಿಗ್ಗೆ ಸನ್‌ಸ್ಕ್ರೀನ್ ಮರೆಯಬೇಡಿ. ನಮ್ಮಂಥ ಕಂದು ಚರ್ಮದಲ್ಲಿ ಮೊಡವೆ ಹೋದ ಮೇಲೆ ಉಳಿಯುವ ಕಪ್ಪು ಕಲೆ ಬಿಸಿಲಿಗೆ ಇನ್ನಷ್ಟು ಗಾಢವಾಗುತ್ತದೆ. ಮೊಡವೆ ಹಿಸುಕುವ ಬೆರಳನ್ನೂ ತಡೆಯಿರಿ. ಕಲೆ ಮತ್ತು ಗುಳಿಗಳಲ್ಲಿ ಆ ಬೆರಳಿನ ಪಾಲು ದೊಡ್ಡದು.

ವೈದ್ಯರು ಕೊಟ್ಟ ಬೆನ್ಜಾಯ್ಲ್ ಪೆರಾಕ್ಸೈಡ್, ಅಡಾಪಲೀನ್ ಬಳಸುತ್ತಿದ್ದರೆ, ಐಸೊಟ್ರೆಟಿನೋಯಿನ್ ಮಾತ್ರೆ ನುಂಗುತ್ತಿದ್ದರೆ, ಚರ್ಮ ಆಗಲೇ ಒಣಗಿರುತ್ತದೆ. ಅದರ ಮೇಲೆ ಎಣ್ಣೆ ಸೇರಿಸುವ ಮೊದಲು ಅವರನ್ನೇ ಕೇಳಿ. ಬಸುರಿಯರು, ಹಾಲೂಡಿಸುವ ತಾಯಂದಿರು ಕೂಡ ಕೇಳಿಯೇ ಮುಂದುವರಿಯಲಿ. ಸಾರತೈಲವನ್ನು ಎಂದಿಗೂ ಕುಡಿಯಬಾರದು. ಟೀ ಟ್ರೀ, ನೀಲಗಿರಿ, ಕರ್ಪೂರದ ಎಣ್ಣೆಗಳು ಹೊಟ್ಟೆಗೆ ಹೋದರೆ ವಿಷ. ಮಗು ಗುಟುಕು ಕುಡಿದಿದೆ ಎಂದು ಗೊತ್ತಾದರೆ ವಾಂತಿ ಮಾಡಿಸಲು ಹೋಗದೆ, ಸೀಸೆಯ ಸಮೇತ ಆಸ್ಪತ್ರೆಗೆ ಓಡಬೇಕು.

ಎಷ್ಟು ಕಾಯಬೇಕು, ಯಾವಾಗ ಬಿಡಬೇಕು

ಇಂದು ಕಾಣುವ ಮೊಡವೆಯ ಬಿರಡೆ ಕೆಲವು ವಾರಗಳ ಹಿಂದೆಯೇ ಕೂತದ್ದು. ಆದ್ದರಿಂದ ಮೂರು ದಿನದಲ್ಲಿ ಫಲ ಕೇಳುವುದು ನ್ಯಾಯವಲ್ಲ. ಆರು ವಾರಕ್ಕೆ ಹೊಸ ಗುಳ್ಳೆಗಳು ಕಡಿಮೆಯಾಗುತ್ತಿವೆಯೇ ನೋಡಿ. ವಾರಕ್ಕೊಮ್ಮೆ ಅದೇ ಕಿಟಕಿಯ ಬೆಳಕಿನಲ್ಲಿ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟರೆ ಕನ್ನಡಿ ಹೇಳುವ ಸುಳ್ಳಿಗೆ ಬಲಿಯಾಗುವುದಿಲ್ಲ. ಹನ್ನೆರಡು ವಾರವಾದರೂ ವ್ಯತ್ಯಾಸವಿಲ್ಲದಿದ್ದರೆ ಬಿಡಿ. ಬೇರೆ ಸಾರತೈಲಕ್ಕೆ ಜಿಗಿಯುವುದಕ್ಕಿಂತ ಚರ್ಮವೈದ್ಯರ ಬಾಗಿಲು ತಟ್ಟುವುದು ಮೇಲು.

ಕೆಲವರು ಆ ಹನ್ನೆರಡು ವಾರವನ್ನೂ ಕಾಯಬಾರದು. ಒತ್ತಿದರೆ ನೋಯುವ ಆಳದ ಗಂಟುಗಳಿರುವವರು, ಮೊಡವೆ ಹೋದಲ್ಲೆಲ್ಲ ಗುಳಿ ಬೀಳುತ್ತಿರುವವರು, ಎದೆ ಬೆನ್ನಿನ ತುಂಬ ಹರಡಿರುವವರು. ಮುಟ್ಟು ಏರುಪೇರಾಗಿ, ಗದ್ದದ ಮೇಲೆ ದಪ್ಪ ಕೂದಲು ಕಾಣಿಸಿಕೊಂಡ ಹೆಣ್ಣುಮಕ್ಕಳು. ಅಲ್ಲಿ ಹಾರ್ಮೋನು ಏರುಪೇರಾಗುವ ಪಿಸಿಒಡಿ ಇದೆಯೇ ನೋಡಬೇಕು, ಮೊಡವೆಯ ಕಾರಣ ಮೊದಲ ಬೆರಳಿನಲ್ಲಿದೆ, ಅಂದರೆ ಹಾರ್ಮೋನು ಸುರಿಸುವ ಜಿಡ್ಡಿನಲ್ಲಿ. ಹಣೆಯ ಮೇಲೆ ಒಂದೇ ಅಳತೆಯ, ತುರಿಸುವ ಸಣ್ಣ ಗುಳ್ಳೆಗಳಿದ್ದರೆ ಅದು ಮೊಡವೆಯೇ ಅಲ್ಲದೆ ಶಿಲೀಂಧ್ರದ ಕಾಟವಿರಬಹುದು. ಎಣ್ಣೆ ಹಚ್ಚಿದರೆ ಅದು ಹೆಚ್ಚಾಗಬಹುದು. ಬೆಳ್ಳಗಾಗಲೆಂದು ಸ್ಟೀರಾಯ್ಡ್ ಬೆರೆತ ಕ್ರೀಮನ್ನು ಔಷಧಿ ಅಂಗಡಿಯಿಂದ ನೇರ ತಂದು ತಿಂಗಳುಗಟ್ಟಲೆ ಹಚ್ಚಿ ಮೊಡವೆ ತರಿಸಿಕೊಂಡವರು ಇನ್ನೊಂದು ಗುಂಪು. ಅವರಿಗೆ ಬೇಕಾದ್ದು ಆ ಕ್ರೀಮಿನಿಂದ ಬಿಡಿಸಿಕೊಳ್ಳುವ ಸರಿಯಾದ ದಾರಿ, ಅದನ್ನು ವೈದ್ಯರೇ ತೋರಿಸಬೇಕು. ಮೊಡವೆಯ ನಾಚಿಕೆಯಿಂದ ಕಾಲೇಜು, ಮದುವೆ ಮನೆ ಎಲ್ಲವನ್ನೂ ತಪ್ಪಿಸುತ್ತಿರುವ ಮಕ್ಕಳಿದ್ದರೆ, ಗುಳ್ಳೆ ನಾಲ್ಕೇ ಇದ್ದರೂ ಅದು ವೈದ್ಯರಿಗೆ ತೋರಿಸಬೇಕಾದ ಮೊಡವೆಯೇ.

ಇವರಲ್ಲಿ ಯಾರೂ ನೀವಲ್ಲದಿದ್ದರೆ, ಕೆನ್ನೆಯ ಮೇಲೆ ಅಷ್ಟಿಷ್ಟು ಕೆಂಪು ಗುಳ್ಳೆ ಮಾತ್ರ ಇದ್ದರೆ, ಶೇ 5ರ ಟೀ ಟ್ರೀ ಜೆಲ್ ಒಂದು ಕೊಂಡು, ಮುಖಕ್ಕಿಂತ ಮೊದಲು ಮೊಣಕೈಯ ಒಳಗೆ ಹಚ್ಚಿ ಶುರುಮಾಡಿ.